ಶರ್ಮನ್‌ಗೆ ಎಷ್ಟು ಮ್ಯಾಟ್ ಸಾಕು?

ಟ್ಯಾಂಕ್ ಮಾಡೆಲ್ ಮುಗೀತು ಅಂದ್ರೆ ಮೇಲಿಂದ ಕೆಳಗಿನ ತನಕ ಅಲ್ಟ್ರಾ ಮ್ಯಾಟ್ (ಒಂಚೂರೂ ಹೊಳೆಯದ ವಾರ್ನಿಷ್) ಹೊಡೆದುಬಿಡೋದು ಈಗ ರೂಢಿಯಾಗಿದೆ. ನನಗಿದು ಒಪ್ಪಿಗೆಯಿಲ್ಲ. ಯುದ್ಧದ ಗಾಡಿ ಹೊಳೆಯಬಾರದು, ನಿಜ. 1944ರಲ್ಲಿ ಅಮೆರಿಕದ ಸೇನೆ ತನ್ನ ಶರ್ಮನ್ ಟ್ಯಾಂಕಿಗೆ ಬಳಿದದ್ದೂ ಹೊಳಪಿಲ್ಲದ ಆಲಿವ್ ಡ್ರ್ಯಾಬನ್ನೇ, ಅಂದ್ರೆ ಮಾಸಲು ಕಂದುಹಸಿರನ್ನೇ. ಆದ್ರೆ ಆ ಬಣ್ಣದ ಮೇಲೆ ಸಿಬ್ಬಂದಿಯ ಬೂಟು ಉಜ್ಜಿದೆ, ಪೆಟ್ರೋಲ್ ಚೆಲ್ಲಿದೆ, ಚಕ್ರದಿಂದ ಗ್ರೀಸ್ ಸೋರಿದೆ. ಇದನ್ನೆಲ್ಲ ಒಂದೇ ಮ್ಯಾಟ್‌ನಲ್ಲಿ ಮುಚ್ಚಿದ್ರೆ ಟ್ಯಾಂಕು ಸುಣ್ಣ ಬಳಿದ ಗೋಡೆ ಥರ ಕಾಣುತ್ತೆ.

1/35 ಅಳತೆಯ (ಅಸಲಿನ ಮೂವತ್ತೈದರಲ್ಲಿ ಒಂದು ಪಾಲು) ಶರ್ಮನ್ನನ್ನೇ ತಗೊಳ್ಳಿ. ಪಕ್ಕದಲ್ಲಿ ದೊಡ್ಡ ಬಿಳಿ ನಕ್ಷತ್ರದ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸೋ ತೆಳು ಚಿತ್ರ) ಇದೆ. ಅದನ್ನ ನೇರವಾಗಿ ಮ್ಯಾಟ್ ಬಣ್ಣದ ಮೇಲೆ ಕೂರಿಸಿದ್ರೆ, ಒಣಗಿದ ಮೇಲೆ ನಕ್ಷತ್ರದ ಮೂಲೆಗಳ ನಡುವಿನ ಪಾರದರ್ಶಕ ಪೊರೆ ಬೆಳ್ಳಿ ಥರ ಮಿನುಗುತ್ತೆ. ಯಾಕೆ? ಮ್ಯಾಟ್ ಮೇಲ್ಮೈ ಅಂದ್ರೆ ಕಣ್ಣಿಗೆ ಕಾಣದ ಉಬ್ಬು ತಗ್ಗು. ಆ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತೆ. ಅದಕ್ಕೇ ಮೊದಲು ಗ್ಲಾಸ್, ಅಂದ್ರೆ ಹೊಳೆಯೋ ಪಾರದರ್ಶಕ ವಾರ್ನಿಷ್, ಬೇಕು. ಟಮಿಯಾ ಕಂಪನಿಯ ಗ್ಲಾಸ್ ಎಕ್ಸ್-22 ಒಂದು ಪಾಲು, ಲೆವೆಲಿಂಗ್ ಥಿನ್ನರ್ (ನಿಧಾನವಾಗಿ ಆರೋ ಲ್ಯಾಕರ್ ಥಿನ್ನರ್) ಎರಡು ಪಾಲು, ಏರ್‌ಬ್ರಷ್‌ಗೆ 0.3 ಮಿ.ಮೀ. ನಾಝಲ್, ಸುಮಾರು 15 ಪಿಎಸ್‌ಐ ಒತ್ತಡ. ಆದ್ರೆ ಇಡೀ ಟ್ಯಾಂಕಿಗೆ ಹೊಡೀಬೇಡಿ! ಡೆಕಾಲ್ ಕೂರೋ ಜಾಗ, ಸುತ್ತ ಒಂದು ಬೆರಳಗಲ, ಅಷ್ಟೇ. ಎರಕದ ಗೋಪುರದ ಒರಟು, ಸಣ್ಣ ಬೋಲ್ಟ್ ತಲೆ, ಇವೆಲ್ಲ ದಪ್ಪ ಗ್ಲಾಸ್‌ನಲ್ಲಿ ಮುಳುಗಿಹೋಗುತ್ತೆ. ಡೆಕಾಲ್ ಒಣಗಿದ ಮೇಲೆ ಅದರ ಅಂಚು ಮರೆಯಾಗೋ ಹಾಗೆ ಇನ್ನೊಂದು ತೆಳು ಪದರ ಕೊಡಿ. ಗ್ಲಾಸ್ ಬಿದ್ದಾಗ ಆಲಿವ್ ಡ್ರ್ಯಾಬ್ ಕಪ್ಪಾಗಿ ಕಂಡ್ರೆ ಗಾಬರಿ ಬೇಡ, ಮ್ಯಾಟ್ ಬಿದ್ದಾಗ ಬಣ್ಣ ಮತ್ತೆ ತಿಳಿಯಾಗುತ್ತೆ.

ವಾಶ್‌ಗೆ, ಅಂದ್ರೆ ಗೀರು, ಸಂದುಗಳಿಗೆ ನೆರಳು ಕೊಡೋ ತೆಳು ಬಣ್ಣಕ್ಕೆ? ಇಡೀ ಗಾಡಿಗೆ ಸೆಮಿ ಗ್ಲಾಸ್, ಎಕ್ಸ್-35. ಪೂರ್ತಿ ಗ್ಲಾಸ್ ಮೇಲೆ ಎನಾಮಲ್ ವಾಶ್ ಓಡಿಹೋಗುತ್ತೆ, ಮ್ಯಾಟ್ ಮೇಲೆ ಹಾಕಿದಲ್ಲೇ ಕಲೆಯಾಗಿ ಕೂರುತ್ತೆ. ಸೆಮಿ ಗ್ಲಾಸ್ ಮೇಲೆ ಗೀರಿನ ಗುಂಟ ಹರಿದು, ಉಳಿದದ್ದನ್ನ ವೈಟ್ ಸ್ಪಿರಿಟ್ ಒದ್ದೆ ಬ್ರಷ್‌ನಲ್ಲಿ ಎಳೆಯೋಕೂ ಬರುತ್ತೆ. ವಾಶ್‌ಗೆ ಮುಂಚೆ ಒಂದು ದಿನವಾದ್ರೂ ಒಣಗೋಕೆ ಬಿಡಿ. ವಾಲೆಹೋ ಥರದ ನೀರಿನ ವಾರ್ನಿಷ್ ಆದ್ರೆ ಎರಡು ದಿನ. ಅದಕ್ಕೆ ಲ್ಯಾಕರ್ ಥಿನ್ನರ್ ಬೆರೆಸೋ ಸಾಹಸ ಮಾತ್ರ ಮಾಡಬೇಡಿ, ಕಪ್‌ನಲ್ಲೇ ಗಂಟುಗಂಟಾಗುತ್ತೆ.

ಈಗ ಮ್ಯಾಟ್. ಟಮಿಯಾದ ಮ್ಯಾಟ್ ವಾರ್ನಿಷ್ ಎಕ್ಸ್‌ಎಫ್-86 ಒಂದು ಪಾಲಿಗೆ ಅವರದೇ ಅಕ್ರಿಲಿಕ್ ಥಿನ್ನರ್ ಎಕ್ಸ್-20ಎ ಎರಡು ಪಾಲು. ಇಲ್ಲಿ ಲ್ಯಾಕರ್ ಥಿನ್ನರ್ ಬೇಡ ಅನ್ನೋದಕ್ಕೆ ಕಾರಣ ಇದೆ: ಅದು ಒದ್ದೆಯಾಗಿ ಬಿದ್ರೆ ಕೆಳಗಿನ ಎನಾಮಲ್ ವಾಶ್ ಕರಗಿ ಹರಡುತ್ತೆ. ಮ್ಯಾಟ್ ಮಾಡೋ ಪುಡಿ ಬಾಟಲಿ ತಳದಲ್ಲಿ ಕೂತಿರುತ್ತೆ. ಬರೀ ಅಲುಗಾಡಿಸಿದ್ರೆ ಸಾಲದು, ಕಡ್ಡಿ ಹಾಕಿ ತಳ ಕೆರೆದು ಕಲಸಬೇಕು. ಕಲಸದೆ ಮೇಲಿನದ್ದು ಹೊಡೆದ್ರೆ ಮ್ಯಾಟೇ ಆಗಲ್ಲ, ಕೊನೆಗೆ ಉಳಿದ ಗಟ್ಟಿ ಹೊಡೆದ್ರೆ ಮಾಡೆಲ್ ಬೂದಿ ಬಳಿದುಕೊಳ್ಳುತ್ತೆ. ಎರಡು ತೆಳು ಪದರ ಸಾಕು.

ಬಿಳಿಚಿಕೊಂಡ ಮಾಡೆಲ್ ಕಂಡಾಗ ಯಾವ ಬಿಳುಪು ಅಂತ ಮೊದಲು ನೋಡಿ. ಮೂಲೆ, ಸಂದುಗಳಲ್ಲಿ ಪುಡಿಪುಡಿಯಾಗಿ ನಿಂತಿದ್ರೆ ಮ್ಯಾಟ್ ಪುಡಿ ಜಾಸ್ತಿಯಾಗಿದೆ. ಅದರ ಮೇಲೆ ತೆಳುವಾಗಿ ಗ್ಲಾಸ್ ಹೊಡೆದ್ರೆ ಹೆಚ್ಚಿನಂಶ ಮಾಯವಾಗುತ್ತೆ, ಆಮೇಲೆ ಮ್ಯಾಟ್ ಹೊಸದಾಗಿ. ಟಿಎಸ್-80 ಥರದ ಲ್ಯಾಕರ್ ಮ್ಯಾಟ್ ಸ್ಪ್ರೇ ಕ್ಯಾನ್ ಹೊಡೆದಾಗ ಇಡೀ ಮೇಲ್ಮೈಗೆ ಮಂಜು ಕವಿದಂತಾದ್ರೆ ಅದು ತೇವ. ದ್ರಾವಕ ಬೇಗ ಆರಿ ಮೇಲ್ಮೈ ತಣ್ಣಗಾಗುತ್ತೆ, ಗಾಳಿಯ ನೀರು ಅಲ್ಲೇ ಕೂರುತ್ತೆ. ಜುಲೈನಲ್ಲಿ ಮಂಗಳೂರು, ಉಡುಪಿ ಕಡೆ ಇದು ತಪ್ಪಿದ್ದಲ್ಲ. ಮಳೆ ಬಿಡುವು ಕೊಟ್ಟ ದಿನಕ್ಕೆ ಕಾಯಿರಿ, ಇಲ್ಲ ಎಸಿ ಕೋಣೆ ಹುಡುಕಿ. ಎಸಿ ಇದ್ರೂ ಹೊಗೆ ಹೊರಹೋಗೋ ಎಕ್ಸಾಸ್ಟ್ ಮತ್ತು ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಇರೋ ಮಾಸ್ಕ್ ಬೇಕೇ ಬೇಕು. ಕಲಬುರಗಿಯ ಮೇ ತಿಂಗಳಲ್ಲಿ ತೊಂದರೆ ಉಲ್ಟಾ: ಹನಿ ಗಾಳಿಯಲ್ಲೇ ಒಣಗಿ ಮರಳು ಥರ ಬೀಳುತ್ತೆ. ಅಲ್ಲಿ ಏರ್‌ಬ್ರಷ್‌ಗೆ ರಿಟಾರ್ಡರ್ (ಒಣಗೋದನ್ನ ನಿಧಾನ ಮಾಡೋ ದ್ರವ) ಒಂದೆರಡು ಹನಿ ಸೇರಿಸಿ, ದೂರ 10 ಸೆಂ.ಮೀ.ಗೆ ಇಳಿಸಿ.

ಧೂಳು ತೋರಿಸೋಕೆ ಹಚ್ಚೋ ಪಿಗ್ಮೆಂಟ್ ಪುಡಿಯ ಮೇಲೆ ಮ್ಯಾಟ್ ಹೊಡೀಬೇಡಿ, ಧೂಳೆಲ್ಲ ಕಪ್ಪಾಗಿ ಅರ್ಧ ಕಾಣೆಯಾಗುತ್ತೆ. ಮ್ಯಾಟ್ ಮೊದಲು, ಧೂಳು ಆಮೇಲೆ. 1965ರ ಭಾರತ-ಪಾಕ್ ಯುದ್ಧದ ಅಸಲ್ ಉತ್ತರ್ ಕದನದಲ್ಲಿದ್ದ ನಮ್ಮ ಸೇನೆಯ ಡೆಕ್ಕನ್ ಹಾರ್ಸ್ ರೆಜಿಮೆಂಟಿನ ಶರ್ಮನ್ ಮಾಡೋರಿಗಂತೂ ಪಂಜಾಬಿನ ಧೂಳೇ ಮುಖ್ಯ, ನೆನಪಿರಲಿ.

ಕೊನೆಗೆ ಸಣ್ಣ ಬ್ರಷ್ ತಗೊಂಡು ಹೊಳಪನ್ನ ಬೇಕಾದಲ್ಲಿ ಮಾತ್ರ ವಾಪಸ್ ಕೊಡಿ. ಹ್ಯಾಚ್ ಅಂಚಿಗೆ, ಬೂಟು ತುಳಿಯೋ ಜಾಗಕ್ಕೆ ಸೆಮಿ ಗ್ಲಾಸ್. ಇಂಧನ ಮುಚ್ಚಳದಿಂದ ಇಳಿದ ಕಲೆಗೆ, ಚಕ್ರದ ಹಬ್‌ಗೆ ಕಂದು ಆಯಿಲ್ ಪೇಂಟ್ ಬೆರೆಸಿದ ಎನಾಮಲ್ ಗ್ಲಾಸ್. ಪೆರಿಸ್ಕೋಪ್ ಗಾಜಿಗೆ ಶುದ್ಧ ಎಕ್ಸ್-22, ಒಂದೇ ಹನಿ.