ಮಾರ್ಫತ ಖಾನಾವಳಿ, ಸೊಲ್ಲಾಪುರ

ತೆರೆಯ ಮೇಲೆ ಈಗ ಕಾಣುತ್ತಿರುವುದು ನನ್ನ ಅಂಗೈಗಿಂತ ತುಸುವೇ ದೊಡ್ಡದಾದ ಒಂದು ಅಂಚೆ ಕಾರ್ಡು. ಅಕ್ಕಲಕೋಟ ತಾಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ, ಹೊಲದ ಕಾಗದಪತ್ರಗಳನ್ನು ಕಟ್ಟಿಟ್ಟ ಕೆಂಪು ಅರಿವೆಯ ದಪ್ತರದೊಳಗೆ ಇದು ತೊಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಮಲಗಿತ್ತು. ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುತ್ತಿದ್ದ ನನ್ನ ಮುತ್ತಜ್ಜನಿಗೆ ನನ್ನ ಮುತ್ತಜ್ಜಿ ಊರ ಶಾಲೆಯ ಮಾಸ್ತರರಿಂದ ಬರೆಸಿ ಕಳಿಸಿದ ಕಾರ್ಡು ಇದು. ಮುತ್ತಜ್ಜ ಇದನ್ನು ಕಿಸೆಯಲ್ಲಿಟ್ಟುಕೊಂಡೇ ಊರಿಗೆ ಮರಳಿದ್ದರಿಂದ, ಹೊರಟಲ್ಲಿಗೇ ಬಂದು ಸೇರಿದೆ. ಇದರ ಮೇಲಿನ ವಿಳಾಸ ಎಲ್ಲಿದೆಯೋ ಅಲ್ಲಿ ಒಮ್ಮೆ ಹೋಗಿ ನಿಲ್ಲಬೇಕು ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಅಂಚೆ ಮುದ್ರೆಯಲ್ಲಿ ವರ್ಷದ ಅಂಕಿಗಳು ಮಸಿಯಲ್ಲಿ ಕಲಸಿಹೋಗಿವೆ. ಆದರೂ ಕಾರ್ಡಿನ ವಯಸ್ಸನ್ನು ಹೇಳಲು ಅದರ ಮೂಲೆಯಲ್ಲಿ ಅಚ್ಚಾದ ಐದನೆಯ ಜಾರ್ಜ್ ದೊರೆಯ ತಲೆ ಮತ್ತು ಅರ್ಧಾಣೆಯ ಬೆಲೆ ಸಾಕು. 1922ರಲ್ಲಿ ಕಾಲಾಣೆಯ ಕಾರ್ಡು ಅರ್ಧಾಣೆಯಾಯಿತು, 1931ರಲ್ಲಿ ಅದು ಮುಕ್ಕಾಲಾಣೆಗೆ ಏರಿತು. ಆದ್ದರಿಂದ ಇದು ಆ ಒಂಬತ್ತು ವರ್ಷಗಳ ನಡುವಿನದು. ಪಿನ್ ಕೋಡ್ ಇಲ್ಲ ಎಂದು ಬೇರೆ ಹೇಳಬೇಕಾಗಿಲ್ಲ, ಅದು ಬಂದದ್ದು 1972ರಲ್ಲಿ. ಬೀದಿಯ ಹೆಸರೂ ಇಲ್ಲ, ಮನೆಯ ಸಂಖ್ಯೆಯೂ ಇಲ್ಲ.

ಕಾರ್ಡಿನ ಒಂದು ಬದಿಯ ಒಕ್ಕಣೆ ಕನ್ನಡದಲ್ಲಿದೆ, ಇನ್ನೊಂದು ಬದಿಯ ವಿಳಾಸ ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯಲ್ಲಿದೆ. ಆಗ ನಮ್ಮ ಊರು ಅಕ್ಕಲಕೋಟ ಸಂಸ್ಥಾನದಲ್ಲಿತ್ತು, ಸೊಲ್ಲಾಪುರ ಮುಂಬಯಿ ಇಲಾಖೆಯ ಬ್ರಿಟಿಷ್ ಜಿಲ್ಲೆಯಾಗಿತ್ತು. ಸುಮಾರು 40 ಕಿಲೋಮೀಟರ್ ದೂರದ ಗಿರಣಿಗೆ ಹೋಗುವ ಮನುಷ್ಯ ಒಂದು ರಾಜ್ಯವನ್ನು ಬಿಟ್ಟು ಇನ್ನೊಂದಕ್ಕೆ ಹೋಗುತ್ತಿದ್ದ. ಮನೆಯ ಮಾತು ಕನ್ನಡವಾದರೂ ಕಚೇರಿಯ ಕೈಬರಹ ಮೋಡಿಯಾಗಿದ್ದ ಕಾಲದಲ್ಲಿ ಮಾಸ್ತರರು ಹೆಂಡತಿಯ ಮಾತನ್ನು ಗಂಡನಿಗೆ ಕನ್ನಡದಲ್ಲಿಯೂ, ವಿಳಾಸವನ್ನು ಅಂಚೆಯವನಿಗೆ ಮೋಡಿಯಲ್ಲಿಯೂ ಬರೆದದ್ದು ಸಹಜವೇ ಆಗಿತ್ತು. ನಮ್ಮ ಮನೆಯಲ್ಲಿ ಮಾತ್ರ, ಆ ಬದಿಯ ಸುರುಳಿಗಳು ಮಾಸ್ತರರ ಸಹಿಯೆಂದೇ ಎರಡು ತಲೆಮಾರು ನಂಬಿಕೊಂಡು ಬಂದಿತ್ತು.

ಮೋಡಿ ಓದುವುದು ಅಕ್ಷರ ಗೊತ್ತಿದ್ದವರಿಗೂ ಸುಲಭವಲ್ಲ. ಮೊದಲು ಅಡ್ಡಗೆರೆ ಎಳೆದುಕೊಂಡು, ಅದರ ಕೆಳಗೆ ಲೇಖಣಿಯನ್ನು ಆದಷ್ಟು ಎತ್ತದೆ ಬರೆಯುತ್ತ ಹೋಗುವುದು ಅದರ ಪದ್ಧತಿ. ಇಕಾರ ಉಕಾರಗಳಲ್ಲಿ ಹ್ರಸ್ವ ದೀರ್ಘಗಳ ಭೇದವಿಲ್ಲ, ಪದಗಳ ನಡುವೆ ಬಿಡುವೂ ಇರುವುದಿಲ್ಲ. ಸೊಲ್ಲಾಪುರದಲ್ಲಿ ಹಳೆಯ ದಸ್ತಾವೇಜುಗಳನ್ನು ಓದಿಕೊಡುವ ಹಿರಿಯರೊಬ್ಬರು ಭೂತಗನ್ನಡಿ ಹಿಡಿದು ಅರ್ಧ ಗಂಟೆ ಕುಳಿತ ಮೇಲೆ ನಾಲ್ಕು ಸಾಲುಗಳು ಹೊರಬಂದವು: ಮುತ್ತಜ್ಜನ ಹೆಸರು, ಹಳೆ ಗಿರಣಿಯ ಸಾಚೇಖಾತೆ, ಮಾರ್ಫತ ಖಾನಾವಳಿ, ಮುಕ್ಕಾಂ ಸೋಲಾಪೂರ. ಖಾನಾವಳಿಯ ಮುಂದೆ ಎಣ್ಣೆಯ ಕಲೆಯೊಂದು ಬಿದ್ದು, ಅದರಡಿಯಲ್ಲಿ "ಬಾಳ" ಎಂಬಷ್ಟು ಮಾತ್ರ ಕಾಣುತ್ತಿತ್ತು.

ಇವುಗಳಲ್ಲಿ ಗಿರಣಿಯನ್ನು ಗುರುತಿಸುವುದು ಕಷ್ಟವಾಗಲಿಲ್ಲ. 1860ರಲ್ಲಿ ಊರಿಗೆ ರೈಲು ಬಂದ ಮೇಲೆ, 1877ರಲ್ಲಿ ಮುಂಬಯಿಯ ಮುರಾರಜಿ ಗೋಕುಳದಾಸರ ಸೋಲಾಪುರ ಸ್ಪಿನ್ನಿಂಗ್ ಆಂಡ್ ವೀವಿಂಗ್ ಗಿರಣಿ ಇಲ್ಲಿ ನೂಲು ತೆಗೆಯತೊಡಗಿತು. ಹುಟ್ಟುವಾಗ ಯಾವ ಗಿರಣಿಯೂ ಹಳೆಯದಾಗಿರುವುದಿಲ್ಲ. ಮುಂದೆ ಲಕ್ಷ್ಮೀ, ವಿಷ್ಣು, ನರಸಿಂಗ ಗಿರಜಿ ಎಂದು ಹೊಸ ಗಿರಣಿಗಳು ಏಳುತ್ತಿದ್ದ ಹಾಗೆ ಮೊದಲನೆಯದು ಮರಾಠಿಯಲ್ಲಿ ಜುನೀ ಮಿಲ್, ನಮ್ಮ ಬಾಯಲ್ಲಿ ಹಳೆ ಗಿರಣಿ ಆಯಿತು. ಯಾವ ಕಂಪನಿ ದಾಖಲೆಯಲ್ಲಿಯೂ ಇಲ್ಲದ ಆ ಹೆಸರು ಅಂಚೆಯವನಿಗೆ ಸಾಕಾಗಿತ್ತು. 1960ರ ದಶಕದಲ್ಲಿ ಗಿರಣಿ ಮುಚ್ಚಿತು, ಹೆಸರು ಮಾತ್ರ ರಿಕ್ಷಾದವರ ಬಾಯಲ್ಲಿ ಇಂದಿಗೂ ಇದೆ. ಸಾಚೇಖಾತೆ ಎಂದರೆ ಮಗ್ಗಗಳ ವಿಭಾಗ. ನನಗೆ ಬೇಕಾಗಿದ್ದದ್ದು ಅವರು ದುಡಿದ ಜಾಗವಲ್ಲ, ಉಂಡು ಮಲಗಿದ ಜಾಗ.

ನಾನು ಮೊದಲು ಹೋದದ್ದು ದಾಖಲೆಗಳ ಬಳಿಗೆ. ಈ ಊರಿನಲ್ಲಿ ನಗರಪಾಲಿಕೆ 1852ರಷ್ಟು ಹಿಂದೆಯೇ ಸ್ಥಾಪನೆಯಾಗಿದೆ, ಆದ್ದರಿಂದ ಮನೆಪಟ್ಟಿಯ ಪುಸ್ತಕಗಳಲ್ಲಿ ಏನಾದರೂ ಸಿಕ್ಕೀತು ಎಂಬ ಭರವಸೆ ನನಗಿತ್ತು. ಹಳೆಯ ಪೇಟೆಯ ಗೋಡೆಗಳನ್ನು ಗಮನಿಸಿ ನೋಡಿದರೆ ನನ್ನ ತೊಡಕು ನಿಮಗೂ ಅರ್ಥವಾಗುತ್ತದೆ. ಒಂದೇ ಬಾಗಿಲಿನ ಪಕ್ಕದಲ್ಲಿ ಸುಣ್ಣದ ಮೇಲೆ ಬರೆದ ಒಂದು ಸಂಖ್ಯೆ, ತುಕ್ಕು ಹಿಡಿದ ತಗಡಿನಲ್ಲಿ ಇನ್ನೊಂದು, ಹೊಸ ಫಲಕದಲ್ಲಿ ಮತ್ತೊಂದು ಇರುತ್ತದೆ. ಪ್ರತಿ ಸಲ ಕರ ನಿಗದಿಯಾದಾಗ ಮನೆಗಳನ್ನು ಹೊಸದಾಗಿ ಎಣಿಸಿದ್ದಾರೆ. ಇವೆಲ್ಲವುಗಳಿಂದ ಬೇರೆಯಾದ ಸಿಟಿ ಸರ್ವೆ ಸಂಖ್ಯೆ ಪ್ರಾಪರ್ಟಿ ಕಾರ್ಡಿನಲ್ಲಿ ಮಾತ್ರ ಇರುತ್ತದೆ, ಗೋಡೆಯ ಮೇಲೆ ಎಲ್ಲಿಯೂ ಕಾಣುವುದಿಲ್ಲ. ಪೇಠಗಳ ಹೆಸರುಗಳಾದರೂ ಆಸರೆಯಾದಾವೇ ಎಂದರೆ, ಮಂಗಳವಾರ, ಬುಧವಾರ, ಶುಕ್ರವಾರ, ಶನಿವಾರ ಎಂದು ವಾರಗಳೇ ಪೇಠಗಳಾಗಿರುವ ಊರು ಇದು. ವಾರದ ಹೆಸರು ಹೇಳಿ ದಾರಿ ಕೇಳಿದಾಗ ಸಂತೆಯ ದಿನ ಕೇಳಿದಂತೆ ನನಗೇ ಅನಿಸುತ್ತಿತ್ತು.

ಈ ಸಂಖ್ಯೆಗಳನ್ನೆಲ್ಲ ಒಂದಕ್ಕೊಂದು ಹೊಂದಿಸಿದ್ದರೂ ನನಗೆ ಲಾಭವಾಗುತ್ತಿರಲಿಲ್ಲ. ಮನೆಪಟ್ಟಿ ಮನೆಯ ಒಡೆಯನನ್ನು ಹಿಡಿದು ಬರೆದದ್ದು. ಬಾಡಿಗೆಯ ಖೋಲಿಯಲ್ಲಿ ಚಾಪೆ ಹಾಸಿ ಮಲಗುವ ಹತ್ತು ಜನರ ಹೆಸರು ಅದರಲ್ಲಿ ಯಾಕೆ ಬರಬೇಕು? ಗಿರಣಿಯ ಮಸ್ಟರ್ ಪುಸ್ತಕ ಸಿಕ್ಕಿದ್ದರೂ ಮುತ್ತಜ್ಜನನ್ನು ಅದರಲ್ಲಿ ಗುರುತಿಸುವುದು ಸುಲಭವಾಗಿರುತ್ತಿರಲಿಲ್ಲ, ಏಕೆಂದರೆ ಹಳ್ಳಿಯಲ್ಲಿ ತಂದೆಯ ಹೆಸರಿನಿಂದಲೂ ಮನೆತನದ ಹೆಸರಿನಿಂದಲೂ ಗುರುತಾಗುತ್ತಿದ್ದವರು ಇಲ್ಲಿ ಊರಿನ ಹೆಸರಿನಿಂದ ಗುರುತಾಗುತ್ತಿದ್ದರು. ಮೈಂದರ್ಗಿಯಿಂದ ಬಂದವನು ಮೈಂದರ್ಗಿಕರ್ ಆಗುತ್ತಿದ್ದ. ಸೊಲ್ಲಾಪುರದ ಎಷ್ಟೋ ಮನೆಗಳ ಅಡ್ಡಹೆಸರುಗಳು ಹೀಗೆ ಬಂದವು. ನಗರದಲ್ಲಿ ಹಳ್ಳಿಯ ವಿಳಾಸವನ್ನು ಹೆಸರಿನಲ್ಲಿ ಹೊತ್ತು ತಿರುಗಿದ ಇವರಿಗೆ ನಗರದ ವಿಳಾಸವೊಂದೇ ಇರಲಿಲ್ಲ.

ಅದಕ್ಕಾಗಿಯೇ "ಮಾರ್ಫತ". ಮುತ್ತಜ್ಜ ಎಲ್ಲಿ ಮಲಗುತ್ತಿದ್ದರು ಎಂಬುದನ್ನು ಈ ಪದ ಹೇಳುವುದಿಲ್ಲ, ಯಾರ ಬಳಿ ಅವರ ಗುರುತು ಇತ್ತು ಎಂಬುದನ್ನು ಹೇಳುತ್ತದೆ. ಪಗಾರ ಬರುವವರೆಗೆ ರೊಟ್ಟಿ, ಪುಂಡಿಪಲ್ಲೆಗಳನ್ನು ಉದ್ರಿ ಕೊಡುವ, ಊರಿನಿಂದ ಬಂದ ಕಾಗದವನ್ನು ದೇವರ ಮಾಡದಲ್ಲಿ ಎತ್ತಿಡುವ, ಮಗ ಜ್ವರದಲ್ಲಿದ್ದಾನೆ ಎಂದು ಹಳ್ಳಿಗೆ ಹೇಳಿ ಕಳಿಸುವ ಒಬ್ಬ ತಾಯಿ ಖಾನಾವಳಿಯಲ್ಲಿ ಇರುತ್ತಿದ್ದಳು. ಖೋಲಿ ಆರು ತಿಂಗಳಿಗೊಮ್ಮೆ ಬದಲಾಗಬಹುದು, ಖಾನಾವಳಿ ಅಷ್ಟು ಬೇಗ ಬದಲಾಗದು. ಉದ್ರಿ ಉಳಿಸಿಕೊಂಡವನಿಗಂತೂ ಬದಲಿಸುವ ಧೈರ್ಯವೇ ಇರುವುದಿಲ್ಲ.

ಕಲೆಯ ಕೆಳಗಿನ "ಬಾಳ" ಎಂಬುದನ್ನು ನಾನು ಬಾಳೆ ಎಂದು ಓದಿಕೊಂಡೆ. ಪುಣೆಯ ದಾರಿಯಲ್ಲಿ, ಖಂಡೋಬನ ಗುಡಿಯಿರುವ ಬಾಳೆ ಎಂಬ ಊರು ಈಗ ಸೊಲ್ಲಾಪುರದ ಭಾಗವೇ ಆಗಿದೆ. ನೀವು ಈಗ ನೋಡುತ್ತಿರುವುದು ಅಲ್ಲಿ ನಾನು ಇಡೀ ಒಂದು ದಿನ ಅಲೆದಾಡಿದ ದೃಶ್ಯಗಳು. ಗುಡಿ ಚೆನ್ನಾಗಿದೆ, ಭಂಡಾರದ ಹಳದಿ ಕ್ಯಾಮೆರಾದ ಮೇಲೂ ಬಿದ್ದಿತು, ಖಾನಾವಳಿಯ ಸುಳಿವು ಮಾತ್ರ ಸಿಗಲಿಲ್ಲ. ದಿನವೂ ಬೆಳಗಿನ ಭೋಂಗಾ ಕೂಗುವ ಹೊತ್ತಿಗೆ ಗಿರಣಿಯ ಬಾಗಿಲಲ್ಲಿರಬೇಕಾದವನು ಇಷ್ಟು ದೂರ ಊಟದ ವ್ಯವಸ್ಥೆ ಮಾಡಿಕೊಂಡಿರುವುದಿಲ್ಲ ಎಂದು ಮೊದಲೇ ಹೊಳೆಯಬೇಕಾಗಿತ್ತು.

ಆ ರಾತ್ರಿ ಮನೆಗೆ ಬಂದು ಕಾರ್ಡನ್ನು ಮಗುಚಿದೆ. ಎಷ್ಟೋ ಸಲ ಓದಿದ್ದ ಕನ್ನಡದ ಒಕ್ಕಣೆಯನ್ನು ಮತ್ತೆ ಓದುತ್ತಿದ್ದಾಗ ಒಂದು ವಾಕ್ಯದ ಮೇಲೆ ಕಣ್ಣು ನಿಂತಿತು: "ಸಂಕ್ರಮಣಕ್ಕೆ ರಜೆ ಇಲ್ಲ ಅಂತ ಬರೆಸಿದ್ದೀರಿ, ನಂದಿಕೋಲು ನೀವು ಉಣ್ಣೋ ಬಾಗಿಲದ ಮುಂದೇ ಏಳತಾವ ಅಂದರ ನಿಮಗ್ಯಾತರ ಚಿಂತಿ." ನಾವು ಇದನ್ನು ಹೆಂಡತಿಯ ಹುಸಿಮುನಿಸು ಎಂದಷ್ಟೇ ಓದಿ ನಕ್ಕಿದ್ದೆವು.

ಸೊಲ್ಲಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಹನ್ನೆರಡನೆಯ ಶತಮಾನದ ವಚನಕಾರ ಸಿದ್ಧರಾಮೇಶ್ವರರ ಊರು ಇದು, ಅವರ ಕಾಲದ ಸೊನ್ನಲಿಗೆ. ಅವರು ಊರ ಸುತ್ತ ಅರುವತ್ತೆಂಟು ಲಿಂಗಗಳನ್ನು ಸ್ಥಾಪಿಸಿದರೆಂಬ ನಂಬಿಕೆಯಿದೆ. ಪ್ರತಿ ವರ್ಷ ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಧ್ವಜಗಳು, ಅಂದರೆ ಕಾಗದದಲ್ಲಿನ ನಂದಿಕೋಲುಗಳು, ಆ ಲಿಂಗಗಳ ದರ್ಶನಕ್ಕೆ ಹೊರಡುತ್ತವೆ. ಅವು ಹೊರಡುವುದು ಪೂಜಾರಿ ಮನೆತನದ ದೊಡ್ಡ ಮನೆಯಾದ ಹಿರೇಹಬ್ಬು ವಾಡೆಯಿಂದ, ಹಿರೇಹಬ್ಬು ವಾಡೆ ಇರುವುದು ಬಾಳಿವೇಸದಲ್ಲಿ. ವೇಸ ಎಂದರೆ ನಮ್ಮ ಅಗಸಿ. ಕಲೆಯ ಕೆಳಗಿದ್ದದ್ದು ಬಾಳೆಯಲ್ಲ, ಬಾಳಿವೇಸ. ಕಚೇರಿ, ದಪ್ತರ, ಭೂತಗನ್ನಡಿಗಳಿಂದ ತಿಳಿಯದ್ದನ್ನು, ಅಕ್ಷರ ಬಾರದ ಮುತ್ತಜ್ಜಿ ಹೇಳಿ ಬರೆಸಿದ್ದಳು, ಅದೂ ವಿಳಾಸದ ಬದಿಯಲ್ಲಲ್ಲ.

ಈಗ ನಾವು ಬಾಳಿವೇಸದ ಗಲ್ಲಿಯೊಂದರಲ್ಲಿದ್ದೇವೆ. ಮೂರಂತಸ್ತಿನ ಕಟ್ಟಡಗಳ ನಡುವೆ ಮಣ್ಣಿನ ಮಾಳಿಗೆಯ ಒಂದೆರಡು ವಾಡೆಗಳು ಉಳಿದಿವೆ. ಅವುಗಳಲ್ಲೊಂದರ ಕಟ್ಟೆಯ ಮೇಲೆ ಕುಳಿತಿದ್ದ ವಯಸ್ಸಾದ ಆಯಿಯೊಬ್ಬರು ನಾನು ಮರಾಠಿಯಲ್ಲಿ ಕೇಳತೊಡಗಿದ್ದನ್ನು ಅರ್ಧಕ್ಕೇ ತಡೆದು, "ನಿಮ್ಮೂರು ಯಾವುದಪ್ಪಾ?" ಎಂದು ಕನ್ನಡದಲ್ಲಿ ಕೇಳಿದರು. ಅವರ ಅಪ್ಪಣೆಯಂತೆ ಅವರ ಮುಖವನ್ನು ಇಲ್ಲಿ ತೋರಿಸುತ್ತಿಲ್ಲ.

ಖಾನಾವಳಿ ಎಂದ ಕೂಡಲೇ ಅವರು ಬೆರಳು ಮಡಿಸಿ ಎಣಿಸತೊಡಗಿದರು. ತಾವು ಮದುವೆಯಾಗಿ ಬಂದಾಗ ಈ ಗಲ್ಲಿಯಲ್ಲಿ ಒಂದು, ಹಿಂದಿನದರಲ್ಲಿ ಎರಡು ಇದ್ದವಂತೆ. ಅತ್ತೆಯ ಕಾಲದಲ್ಲಿ ಇನ್ನೂ ಒಂದು ಇತ್ತಂತೆ. ನಂದಿಕೋಲು ಏಳುವುದು ಬಾಗಿಲಿಗೇ ಕಾಣಬೇಕಾದರೆ ಅದು ಈ ಸಾಲಿನದೇ ಇರಬೇಕು ಎಂದು ಅವರು ತೋರಿಸಿದ ಜಾಗದಲ್ಲಿ ಈಗ ಬಟ್ಟೆಯ ಗೋದಾಮಿನ ಷಟರ್ ಇದೆ, ಷಟರಿನ ಮುಂದೆ ಮೂರು ಮೋಟರ್ ಸೈಕಲ್ಲುಗಳಿವೆ. ಇದೇ ಆ ಜಾಗವೆಂದು ಆಣೆ ಮಾಡಿ ಹೇಳಲಾರೆ. ಸಾಲು ಮಾತ್ರ ಇದೇ.

ಮುತ್ತಜ್ಜ ಊರಿಗೆ ಮರಳಿದ ಬಗೆಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಒಂದೇ ರೀತಿ ಹೇಳುತ್ತಾರೆ. 1930ರ ಮೇ ತಿಂಗಳಲ್ಲಿ, ಗಾಂಧೀಜಿಯವರ ಬಂಧನದ ಸುದ್ದಿಗೆ ಸೊಲ್ಲಾಪುರ ಸಿಡಿದೆದ್ದು, 8ನೆಯ ತಾರೀಖು ಗೋಲಿಬಾರ್ ನಡೆದು, 12ರಂದು ಮಾರ್ಷಲ್ ಲಾ ಬಂತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಅವರ ಪ್ರತಿಮೆಗಳಿರುವ ಚೌಕವನ್ನು ದಾಟಿಯೇ ನಾನು ಇಲ್ಲಿಗೆ ಬಂದೆ. ಆ ಗದ್ದಲದಲ್ಲಿ ಮುತ್ತಜ್ಜ ರಾತ್ರೋರಾತ್ರಿ ರೈಲುಹಳಿಯ ಗುಂಟ ನಡೆದು ಊರು ಸೇರಿದರು, ಮತ್ತೆ ಗಿರಣಿಯ ಕಡೆ ಮುಖ ಹಾಕಲಿಲ್ಲ.

ಕಾಗದದಲ್ಲಿ ಇನ್ನೇನಿದೆ ಎಂದು ಆಯಿ ಕೇಳಿದರು. ನಾನು ಓದುತ್ತ ಹೋದೆ. ಎಳೆಗರು ಮೇವು ತಿನ್ನುತ್ತಿಲ್ಲ, ಬಿಳಿಜೋಳ ಹಾಲುತೆನೆ ಕಟ್ಟಿದೆ, ಸಣ್ಣವನು ಹೆಸರು ಹಿಡಿದು ಕರೆಯುತ್ತಾನೆ. ಕೊನೆಯ ಸಾಲು, ಮಾಸ್ತರರು ಜಾಗ ಸಾಲದೆ ಅಂಚಿನಲ್ಲಿ ಅಡ್ಡಲಾಗಿ ತುರುಕಿದ್ದು: "ರಾಶಿ ಆದ ಮ್ಯಾಲ ಬರ್‍ರಿ, ಬರೂವಾಗ ಖಾನಾವಳಿ ಬಾಕಿ ತೀರಿಸೇ ಬರ್‍ರಿ."

ಆಯಿ ಒಂದು ಕ್ಷಣ ಷಟರಿನ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ನಗುವನ್ನು ಸೆರಗಿನಲ್ಲಿ ಅದುಮಿಕೊಂಡು ಕೇಳಿದರು.

"ರಾತ್ರೋರಾತ್ರಿ ಹೋದ್ರಂತಿ. ಮತ್ತ ಬಾಕಿ?"