5 ಲಕ್ಷದ ಪಾಲಿಸಿ ಇದ್ದರೂ ಕೈಯಿಂದ ಎಷ್ಟು ಕೊಡಬೇಕು?

ಕೇಳುಗರಿಗೆಲ್ಲ ನಮಸ್ಕಾರ.

ಆರೋಗ್ಯ ವಿಮೆ ಮಾಡಿಸಿದವರನ್ನು ಕೇಳಿದರೆ "5 ಲಕ್ಷದ್ದು ಇದೆ" ಅನ್ನುತ್ತಾರೆ. ಆ 5 ಲಕ್ಷ ಕಂಪನಿ ಕೊಡಬಹುದಾದ ಗರಿಷ್ಠ ಮೊತ್ತ. ಬಿಲ್ 2 ಲಕ್ಷ ಆದರೆ 2 ಲಕ್ಷವೂ ಬಂದೇ ಬರುತ್ತದೆ ಅಂತಲ್ಲ. ಡಿಸ್ಚಾರ್ಜ್ ದಿನ ಬಿಲ್ಲಿಂಗ್ ಕೌಂಟರ್ ಮುಂದೆ ನಿಂತು, ಅಣ್ಣನಿಗೋ ಭಾವನಿಗೋ ಫೋನ್ ಮಾಡಿ ದುಡ್ಡು ಹೊಂದಿಸುವವರಲ್ಲಿ ಪಾಲಿಸಿ ಇದ್ದವರೂ ಇರುತ್ತಾರೆ. ಅವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮೊದಲೇ ಯಾರಾದರೂ ಕೂತು ವಿವರಿಸಿದ್ದರೆ ಅಷ್ಟು ಕಷ್ಟ ಆಗುತ್ತಿರಲಿಲ್ಲ.

ಜಾಸ್ತಿ ಜನ ಸಿಕ್ಕಿಬೀಳುವುದು ರೂಮ್ ಬಾಡಿಗೆಯ ಮಿತಿಯಲ್ಲಿ. ಹಲವು ಪಾಲಿಸಿಗಳಲ್ಲಿ ಇದು ವಿಮೆ ಮೊತ್ತದ ಶೇಕಡಾ 1 ಇರುತ್ತದೆ. ಅಂದರೆ 5 ಲಕ್ಷದ ಪಾಲಿಸಿಗೆ ದಿನಕ್ಕೆ 5,000 ರೂಪಾಯಿ. ನೀವು ದಿನಕ್ಕೆ 10,000 ರೂಪಾಯಿಯ ರೂಮಿನಲ್ಲಿ 4 ದಿನ ಇದ್ದಿರಿ ಅನ್ನಿ. ಬಾಡಿಗೆಯ ವ್ಯತ್ಯಾಸ 20,000 ತಾನೇ, ಕೊಟ್ಟರಾಯಿತು ಅನಿಸುತ್ತದೆ. ಅಲ್ಲಿಗೇ ಮುಗಿಯುವುದಿಲ್ಲ. ಎಷ್ಟೋ ಆಸ್ಪತ್ರೆಗಳಲ್ಲಿ ರೂಮಿನ ದರ್ಜೆ ಏರಿದಂತೆ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಶುಲ್ಕವೂ ಏರುತ್ತವೆ. ಹಾಗಾಗಿ ಕಂಪನಿ ಅವನ್ನೂ ಅದೇ ಪ್ರಮಾಣದಲ್ಲಿ, ಅಂದರೆ ಇಲ್ಲಿ ಅರ್ಧಕ್ಕೆ, ಕಡಿತ ಮಾಡುತ್ತದೆ. ಈ ಶುಲ್ಕಗಳೆಲ್ಲ ಸೇರಿ 1 ಲಕ್ಷ ಆಗಿದ್ದರೆ ಬರುವುದು 50,000. ಔಷಧಿ, ಟೆಸ್ಟು, ಸ್ಟೆಂಟಿನಂಥ ಸಾಧನಗಳಿಗೆ ಈ ಕಡಿತ ಹಾಕುವಂತಿಲ್ಲ. ಐಸಿಯು ಶುಲ್ಕಕ್ಕೂ ಹಾಕುವಂತಿಲ್ಲ. ಇದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮ. ಔಷಧಿ, ಟೆಸ್ಟಿನ 60,000 ಪೂರ್ತಿ ಬಂತು ಅನ್ನೋಣ. ರೂಮಿನ 40,000 ಸೇರಿ ಒಟ್ಟು ಬಿಲ್ 2 ಲಕ್ಷ, ರೂಮಿಗೆ ಕೊಟ್ಟ 20,000 ಸೇರಿ ಕಂಪನಿ ಕೊಟ್ಟಿದ್ದು 1,30,000. ನಿಮ್ಮ ಕೈಯಿಂದ 70,000!

ಅಡ್ಮಿಷನ್ ಕೌಂಟರಿನಲ್ಲಿ ಗಾಬರಿಯಲ್ಲಿ ಇರುತ್ತೇವೆ. ಯಾವ ರೂಮ್ ಬೇಕು ಅಂದರೆ ಒಳ್ಳೆಯದೇ ಕೊಡಿ ಅಂದುಬಿಡುತ್ತೇವೆ. ಆಗಲೇ ಕೇಳಬೇಕಾದ ಮಾತು, "ನಮ್ಮ ಪಾಲಿಸಿಯ ಮಿತಿಯೊಳಗೆ ಯಾವ ರೂಮ್ ಇದೆ?"

ಇನ್ನು ಕೋ-ಪೇ, ಅಂದರೆ ಮಂಜೂರಾದ ಕ್ಲೇಮಿನಲ್ಲಿ ನಾವೇ ಭರಿಸಬೇಕಾದ ಪಾಲು. ಹಿರಿಯರ ಪಾಲಿಸಿಗಳಲ್ಲಿ ಸಾಮಾನ್ಯ. 20 ಪರ್ಸೆಂಟ್ ಕೋ-ಪೇ ಇದ್ದರೆ, ಆ 1,30,000ದಲ್ಲಿ ಮತ್ತೆ 26,000 ನಿಮ್ಮದೇ. ಕೈಗವಸು, ಮಾಸ್ಕ್ ಥರದ ಸಾಮಾನಿಗೂ ಹೆಚ್ಚಿನ ಪಾಲಿಸಿಗಳಲ್ಲಿ ದುಡ್ಡು ಬರುವುದಿಲ್ಲ. ಅದಕ್ಕೆ ಬೇರೆ ರೈಡರ್, ಅಂದರೆ ಹೆಚ್ಚುವರಿ ಕಂತು ಕಟ್ಟಿ ಸೇರಿಸಿಕೊಳ್ಳುವ ರಕ್ಷಣೆ, ತಗೊಂಡಿರಬೇಕು.

ಡಿಡಕ್ಟಿಬಲ್ ಅನ್ನುವುದು ಒಂದು ಹೊಸ್ತಿಲು. ಖರ್ಚು ಅದನ್ನು ದಾಟಿದ ಮೇಲಷ್ಟೇ ಕಂಪನಿ ಕೊಡಲು ಶುರು ಮಾಡುತ್ತದೆ. ನಮ್ಮಲ್ಲಿ ಇದು ಹೆಚ್ಚಾಗಿ ಸಿಗುವುದು ದೊಡ್ಡ ಖರ್ಚಿಗೆಂದು ಹೆಚ್ಚುವರಿಯಾಗಿ ತಗೊಳ್ಳುವ ಟಾಪ್‌ಅಪ್ ಮತ್ತು ಸೂಪರ್ ಟಾಪ್‌ಅಪ್ ಪಾಲಿಸಿಗಳಲ್ಲಿ. ಎರಡೂ ಒಂದೇ ಅಲ್ಲ, ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಡಿಡಕ್ಟಿಬಲ್ 5 ಲಕ್ಷ ಇದೆ. ಮನೆಯವರೊಬ್ಬರು ಒಂದೇ ವರ್ಷದಲ್ಲಿ ಎರಡು ಸಲ ಆಸ್ಪತ್ರೆ ಸೇರಿದರು. ಎರಡು ಸಲವೂ 4 ಲಕ್ಷ ಬಿಲ್. ಟಾಪ್‌ಅಪ್ ಆದರೆ ಪ್ರತಿ ಬಿಲ್ಲನ್ನೂ ಬೇರೆ ಬೇರೆ ನೋಡುತ್ತದೆ. ಯಾವುದೂ 5 ಲಕ್ಷ ದಾಟಿಲ್ಲ, ಹಾಗಾಗಿ ಒಂದು ರೂಪಾಯಿಯೂ ಬರುವುದಿಲ್ಲ. ಸೂಪರ್ ಟಾಪ್‌ಅಪ್ ವರ್ಷದ ಬಿಲ್ಲುಗಳನ್ನು ಕೂಡಿಸುತ್ತದೆ. 8 ಲಕ್ಷದಲ್ಲಿ 5 ಕಳೆದು 3 ಲಕ್ಷ ಅದರ ಲೆಕ್ಕಕ್ಕೆ ಬರುತ್ತದೆ. ನನ್ನನ್ನು ಕೇಳಿದರೆ, ಟಾಪ್‌ಅಪ್‌ನ ಕಂತು ಸ್ವಲ್ಪ ಕಡಿಮೆ ಇದ್ದರೂ ಸೂಪರ್ ಟಾಪ್‌ಅಪ್ಪೇ ಒಳ್ಳೆಯದು.

ಆದರೆ ಡಿಡಕ್ಟಿಬಲ್‌ನ ಆ ಮೊದಲ 5 ಲಕ್ಷ ಎಲ್ಲಿಂದ ಬರುತ್ತದೆ? ಇನ್ನೊಂದು ಪಾಲಿಸಿಯಿಂದ, ಇಲ್ಲವೇ ಉಳಿತಾಯದಿಂದ. ಬೆಂಗಳೂರಿನಲ್ಲಿ ಕೆಲಸ ಮಾಡುವ ಎಷ್ಟೋ ಮಕ್ಕಳು ಆಫೀಸಿನ ಗ್ರೂಪ್ ವಿಮೆಯನ್ನೇ ನಂಬಿರುತ್ತಾರೆ. ಕೆಲಸ ಬಿಟ್ಟರೆ ಸಾಮಾನ್ಯವಾಗಿ ಅದೂ ಹೋಗುತ್ತದೆ. ಊರಲ್ಲಿರುವ ಅಪ್ಪ ಅಮ್ಮನ ಹೆಸರೂ ಅದರಲ್ಲೇ ಇದ್ದರೆ ಅವರಿಗೂ ಆಸರೆ ತಪ್ಪುತ್ತದೆ.

ಪಾಲಿಸಿ ಜೊತೆ ಗ್ರಾಹಕ ಮಾಹಿತಿ ಪತ್ರ ಅಂತ ಕೊಡಲೇಬೇಕು. ರೂಮ್ ಮಿತಿ, ಕೋ-ಪೇ, ಡಿಡಕ್ಟಿಬಲ್ ಎಲ್ಲ ಅದರಲ್ಲಿ ಇರುತ್ತದೆ. ಕನ್ನಡದಲ್ಲಿ ಬೇಕು ಅಂದರೆ ಕೇಳಿ ಪಡೆಯಬಹುದು. ಓದಿದ ಮೇಲೆ ಇಷ್ಟವಾಗದಿದ್ದರೆ, ಹೊಸ ಪಾಲಿಸಿ ಕೈಗೆ ಬಂದ 30 ದಿನದೊಳಗೆ ಅದನ್ನು ವಾಪಸ್ ಮಾಡುವ ಅವಕಾಶವೂ ಇದೆ.

ಕ್ಲೇಮಿನಲ್ಲಿ ಕಡಿತ ಅನ್ಯಾಯ ಅನಿಸಿದರೆ, ಯಾವ ಷರತ್ತಿನ ಪ್ರಕಾರ ಎಷ್ಟು ಕಳೆದರು ಅಂತ ಕಂಪನಿಗೆ ಬರೆದು ಕೇಳಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ, ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಅಧಿಕಾರಿಯಾದ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಕರ್ನಾಟಕದವರಿಗೆ ಅವರ ಕಚೇರಿ ಇರುವುದು ಬೆಂಗಳೂರಿನ ಜೆ.ಪಿ. ನಗರದಲ್ಲಿ. ದೂರಿಗೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಕಂಪನಿಯ ಪತ್ರ, ಇವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿರಿ.

ನಮಸ್ಕಾರ.