ಫ್ರಿಜ್ ಬಾಗಿಲಿಗೆ ಹಿಡಿಸುವ ಕಾಫಿ

ಬೆಳಿಗ್ಗೆ ಆರೂವರೆ. ಇದು ಕೋಡಿಬಾಗದ ನಮ್ಮ ಮನೆಯ ಅಡುಗೆಮನೆ. ಕಿಟಕಿ ಆಚೆ ನೋಡಿ, ತೆಂಗಿನ ಗರಿ ಒಂದೂ ಅಲ್ಲಾಡುತ್ತಿಲ್ಲ. ಏಪ್ರಿಲ್ ಕೊನೆ ವಾರದ ಕಾರವಾರ ಹೀಗೇ. ಸ್ನಾನ ಮಾಡಿ ಟವೆಲ್ ಹರವಿ ಬರುವಷ್ಟರಲ್ಲಿ ಮತ್ತೆ ಬೆವರು. ಈ ಹೊತ್ತಲ್ಲಿ ಹಬೆಯಾಡುವ ಕಾಫಿ ಲೋಟ ನೋಡಿದರೆ ನನಗೆ ಆಸೆಗಿಂತ ಭಯ ಜಾಸ್ತಿ.

ಹಾಗಾಗಿ ಎರಡು ವರ್ಷದಿಂದ ಬೇಸಿಗೆ ಬಂತೆಂದರೆ ನಾನು ಕೋಲ್ಡ್ ಬ್ರೂ ಪಾರ್ಟಿ. "ಯಾವ ಕೋಲ್ಡ್ ಬ್ರೂ ಮೇಕರ್ ತಗೊಳ್ಳಲಿ?" ಅಂತ ತುಂಬಾ ಜನ ಕೇಳಿದ್ದೀರಿ. ಹೇಳುತ್ತೇನೆ. ಆದರೆ ಮೊದಲು ನಾನು ಹಾಳು ಮಾಡಿದ ಕಾಫಿಯ ಲೆಕ್ಕ ಕೊಡಬೇಕು.

ಗೊತ್ತಿಲ್ಲದವರಿಗೆ ಎರಡೇ ಮಾತು. ತರಿಯಾಗಿ ಬೀಸಿದ ಕಾಫಿಯನ್ನು ತಣ್ಣೀರಲ್ಲಿ ನೆನೆಹಾಕಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸೋಸಿದರೆ ಅದೇ ಕೋಲ್ಡ್ ಬ್ರೂ. ಒಲೆ ಹಚ್ಚುವುದೇ ಇಲ್ಲ. ಬಿಸಿ ಡಿಕಾಕ್ಷನ್‌ಗೆ ಹಾಲು, ಸಕ್ಕರೆ, ಐಸ್ ಹಾಕಿ ಕೊಡುತ್ತಾರಲ್ಲ, ಆ ಕೋಲ್ಡ್ ಕಾಫಿ ಬೇರೆ. ತಣ್ಣೀರಲ್ಲಿ ನೆಂದ ಕಾಫಿಯಲ್ಲಿ ಕಹಿ ಕಡಿಮೆ, ಬಾಯಿಗೆ ನುಣುಪು. "ಇದರಲ್ಲಿ ಆಸಿಡ್ಡೇ ಇಲ್ಲ, ಹೊಟ್ಟೆಗೆ ಒಳ್ಳೇದು" ಅಂತ ಮಾರುವವರ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ. 2018ರಲ್ಲಿ ಅಮೆರಿಕದ ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯದವರು ಅಳೆದು ನೋಡಿದ್ದಾರೆ. ಬಿಸಿ ಕಾಫಿಯಾಗಲಿ, ತಣ್ಣನೆಯದಾಗಲಿ, ಹುಳಿಯ ಅಳತೆಯಾದ ಪಿಎಚ್ 4.85ರಿಂದ 5.13ರ ಒಳಗೇ ಇತ್ತು. ನಾನು ಕುಡಿಯುವುದು ರುಚಿಗೆ, ಅಷ್ಟೇ.

ಅಮ್ಮ ಶಿರಸಿ ಕಡೆಯವರು. ಅವರ ತವರಲ್ಲಿ ಮನೆಗೆ ಯಾರೇ ಬಂದರೂ ಮೊದಲು ಕೇಳುವುದು "ಆಸರಿಗೆ ಎಂತಾ ಬೇಕು?" ಅಂತ. ಕಷಾಯ, ಮಜ್ಜಿಗೆ, ಮುರುಗಲು ಪಾನಕ, ಏನಾದರೂ ಆಗಬಹುದು. ನಾನು ಮೊದಲ ಸಲ ಕಾಫಿ ನೆನೆಹಾಕಿದ್ದು ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಕುದಿಸದ ಕಷಾಯವಾ ಇದು?"

ಆ ಮೊದಲ ಸಲದ ಕತೆ ಹೇಳಲೇಬೇಕು. ಯಾವ ರೆಸಿಪಿ ನೋಡಿದರೂ "ರೂಮ್ ಟೆಂಪರೇಚರ್‌ನಲ್ಲಿ 12ರಿಂದ 24 ಗಂಟೆ ಇಡಿ" ಅಂತಿತ್ತು. ಇಟ್ಟೆ. ಯಾರ ರೂಮು ಅಂತ ಯೋಚಿಸಲಿಲ್ಲ. ಅದನ್ನು ಬರೆದವರ ರೂಮು 20, 22 ಡಿಗ್ರಿ ಇರುತ್ತದೆ. ನಮ್ಮ ಅಡುಗೆಮನೆಯಲ್ಲಿ ಆ ರಾತ್ರಿ ಹತ್ತು ಗಂಟೆಗೆ 31. ಸ್ಟೀಲ್ ಪಾತ್ರೆಯಲ್ಲಿ ಪುಡಿ, ನೀರು ಹಾಕಿ, ತಟ್ಟೆ ಮುಚ್ಚಿ, 18 ಗಂಟೆ ಬಿಟ್ಟೆ. ಮುಚ್ಚಳ ತೆಗೆದರೆ ಮೇಲೆ ಸಣ್ಣ ಸಣ್ಣ ಗುಳ್ಳೆ. ಮೂಗು ಹತ್ತಿರ ತಂದರೆ ಹಳಸಿದ ಗಂಜಿಯ ವಾಸನೆ. ಅಷ್ಟೂ ಹಿತ್ತಲ ಕರಿಬೇವಿನ ಬುಡಕ್ಕೆ ಹೋಯಿತು. ಗಿಡಕ್ಕೇನೂ ಆಗಲಿಲ್ಲ, ಅದು ಬೇರೆ ಮಾತು.

ನಮ್ಮ ಕರಾವಳಿಯಲ್ಲಿ ಬೇಸಿಗೆಗೆ ಕೋಲ್ಡ್ ಬ್ರೂ ಫ್ರಿಜ್ ಒಳಗೇ ನೆನೆಯಬೇಕು. ಇಷ್ಟು ಒಪ್ಪಿಕೊಂಡರೆ ಆನ್‌ಲೈನ್‌ನಲ್ಲಿ ಕಾಣುವ ಅರ್ಧ ಮಾಡೆಲ್‌ಗಳು ತಾವಾಗಿಯೇ ಪಟ್ಟಿಯಿಂದ ಹೊರಗೆ. ಕೊಳ್ಳುವ ಮೊದಲು ಟೇಪ್ ಹಿಡಿದು ಫ್ರಿಜ್ ಬಾಗಿಲು ತೆಗೆಯಿರಿ. ನಮ್ಮದು ನೋಡಿ. ಕೆಳಗಿನ ಬಾಟಲಿ ಕಟ್ಟೆಯ ಆಳ 11 ಸೆಂಟಿಮೀಟರ್, ಮೇಲಿನ ತಟ್ಟೆ ತಾಗುವವರೆಗೆ ಎತ್ತರ 30. ಒಳಗಿನ ಶೆಲ್ಫ್‌ನಲ್ಲಿ ಇಡುತ್ತೇನೆ ಅಂದರೆ ಅಲ್ಲಿ ದೋಸೆ ಹಿಟ್ಟಿನ ಡಬ್ಬಿ, ಮೀನಿನ ಡಬ್ಬಿ, ಮೊಸರು ಎಲ್ಲ ಇವೆ. ಮೀನಿನ ಪಕ್ಕ ಮುಚ್ಚಳ ಸಡಿಲವಾದ ಕಾಫಿ ಇಟ್ಟರೆ ಬೆಳಿಗ್ಗೆ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ ಅಲ್ವಾ? ಅದಕ್ಕೇ ಮುಚ್ಚಳಕ್ಕೆ ರಬ್ಬರ್ ಉಂಗುರ ಇರಲೇಬೇಕು.

ನಾನು ದುಡ್ಡು ಕೊಟ್ಟು ತಂದ ಮೊದಲ ಜಗ್ಗು ಇದು. ಕ್ಯಾಮೆರಾ ಹತ್ತಿರ ತರುತ್ತೇನೆ. ಪುಡಿ ತುಂಬುವ ಈ ಜಾಲರಿ ಕೊಳವೆಯ ಹೊಲಿಗೆ ನೋಡಿ, ಉದ್ದಕ್ಕೂ ಬಿಟ್ಟುಕೊಂಡಿದೆ. ಮೂರನೇ ವಾರಕ್ಕೇ ಹೀಗಾಯಿತು. ಆಮೇಲೆ ಪ್ರತಿ ಲೋಟದ ತಳದಲ್ಲೂ ಕೆಸರು. ಕಾಳಿ ನದಿಯ ಮಳೆಗಾಲದ ನೀರು ಕುಡಿದಂತೆ. ಮಾರಿದವರಿಗೆ ಫೋಟೊ ಕಳಿಸಿದೆ, "ವಾಪಸ್ ಅವಧಿ ಮುಗಿದಿದೆ" ಅಂದರು. ಆಗ ಕಲಿತದ್ದು ಇಷ್ಟು: ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಬೇಕು, ಹೊಲಿಗೆ ಮೇಲೆ ಉಗುರಾಡಿಸಬೇಕು. ತಳ ಬಿಚ್ಚಲು ಬಂದರೆ ಇನ್ನೂ ಒಳ್ಳೇದು. ಇದರ ತಳ ಬಿಚ್ಚುತ್ತಿರಲಿಲ್ಲ. ಒದ್ದೆ ಪುಡಿಯನ್ನು ಚಮಚದ ಹಿಂಬದಿಯಿಂದ ಕೆರೆದು ಕೆರೆದು ಸಾಕಾಗಿತ್ತು.

ಆಮೇಲೆ ಫೆಲ್ಟ್ (ಕಂಬಳಿಯಂಥ ದಪ್ಪ ಬಟ್ಟೆ) ಫಿಲ್ಟರ್‌ನ ಆಸೆ ಹುಟ್ಟಿತು. ಟಾಡಿ ಅನ್ನುವ ಅಮೆರಿಕದ ಪಾತ್ರೆ ಇದೆ, 1964ರಲ್ಲಿ ಟಾಡ್ ಸಿಂಪ್ಸನ್ ಅನ್ನುವವರು ಮಾಡಿದ್ದು. ಬಕೆಟ್ಟಿನಂಥದ್ದು, ತಳದಲ್ಲಿ ದಪ್ಪ ಫೆಲ್ಟ್ ಬಿಲ್ಲೆ, ಬಿರಡೆ ತೆಗೆದರೆ ಕೆಳಗಿನ ಗಾಜಿನ ಪಾತ್ರೆಗೆ ಸೋಸಿ ಇಳಿಯುತ್ತದೆ. ಕಾಫಿ ಎಷ್ಟು ತಿಳಿಯಾಗಿ ಬರುತ್ತದೆ ಅಂದರೆ ಜಾಲರಿಯದ್ದು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಒಂದು ಸಲಕ್ಕೆ ಹಾಕಬೇಕಾದ ಪುಡಿ ಸುಮಾರು 340 ಗ್ರಾಂ! ನಮ್ಮ ಮನೆಯ ಹದಿನೈದು ದಿನದ ಪುಡಿ ಅದು. ಜೊತೆಗೆ ಆ ಬಿಲ್ಲೆಯನ್ನು ತೊಳೆದು, ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲೇ ಕಾಪಾಡಬೇಕು, 10-12 ಸಲ ಬಳಸಿದ ಮೇಲೆ ಬದಲಿಸಬೇಕು. ಜೂನ್ ತಿಂಗಳಲ್ಲಿ ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಸಲು ಬರುವ ಊರು ನಮ್ಮದು. ಒದ್ದೆ ಫೆಲ್ಟ್ ಇಟ್ಟುಕೊಂಡು ನಾನು ನೆಮ್ಮದಿಯಾಗಿ ಇರಲಾರೆ.

ಗಾಜಿನ ಗೋಪುರದಿಂದ ಹನಿ ಹನಿಯಾಗಿ ಇಳಿಯುವ ಕ್ಯೋಟೊ ಶೈಲಿಯದ್ದು ನೋಡಲು ಚೆಂದ. ವಿಡಿಯೊಕ್ಕೆ ಇನ್ನೂ ಚೆಂದ. ಮನೆಗೆ ಬೇಡ.

ಫ್ರೆಂಚ್ ಪ್ರೆಸ್ (ಜಾಲರಿ ಒತ್ತಿ ಸೋಸುವ ಕಾಫಿ ಪಾತ್ರೆ) ಇದ್ದವರು ಹೊಸದೇನೂ ಕೊಳ್ಳಬೇಡಿ, ನಿಜವಾಗಿ. ಅದರಲ್ಲೇ ನೆನೆಹಾಕಿ, ಮೂತಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಫ್ರಿಜ್‌ಗೆ ಇಡಿ, ಬೆಳಿಗ್ಗೆ ಒತ್ತಿ ತೆಳು ಬಟ್ಟೆಯಲ್ಲಿ ಇನ್ನೊಮ್ಮೆ ಸೋಸಿ. ನಮ್ಮ ಹಿತ್ತಾಳೆ ಫಿಲ್ಟರ್‌ನಲ್ಲೂ ಮಾಡಿ ನೋಡಿದೆ. ಅದು ನುಣ್ಣನೆ ಪುಡಿಗೆ ಮಾಡಿದ್ದು. ತರಿ ಪುಡಿ ಹಾಕಿ ತಣ್ಣೀರು ಸುರಿದರೆ ಸರಸರ ಇಳಿದುಹೋಗುತ್ತದೆ. ನೆನೆಯುವುದೇ ಇಲ್ಲ.

ಸ್ನೇಹಿತೆಯ ಮನೆಯಲ್ಲಿ ಜಪಾನಿನ ಹರಿಯೊ ಕಂಪನಿಯ ಮಿಜುದಾಶಿ ಅನ್ನುವ ಕೋಲ್ಡ್ ಬ್ರೂ ಜಗ್ಗು ಇದೆ. 1 ಲೀಟರಿನದು, 80 ಗ್ರಾಂ ಪುಡಿ, 8 ಗಂಟೆ. ಕಾಫಿ ಚೆನ್ನಾಗಿ ಬರುತ್ತದೆ. ಬಾಗಿಲ ಕಟ್ಟೆಗೆ ಹಿಡಿಸುವ ತೆಳ್ಳಗಿನ ಜಗ್ಗು ಬೇಕೆನ್ನುವವರು ಅದನ್ನು ನೋಡಬಹುದು. ನನಗೆ ಮಾತ್ರ ಒಳಗೆ ಇಡೀ ಕೈ ಹೋಗುವಂಥದ್ದು ಬೇಕಿತ್ತು. ಬ್ರಷ್ ಹಾಕಿ ತೊಳೆದ ಪಾತ್ರೆ ಅಮ್ಮನ ಲೆಕ್ಕದಲ್ಲಿ ತೊಳೆದ ಪಾತ್ರೆಯೇ ಅಲ್ಲ.

ಕೊನೆಗೆ ಉಳಿದದ್ದು ಇದು. ದಪ್ಪ ಗಾಜಿನ, ಅಗಲ ಬಾಯಿಯ ಜಾರು. ಒಂದೂಕಾಲು ಲೀಟರು. ಒಳಗೆ ಸ್ಟೀಲ್ ಜಾಲರಿ, ತಳ ತಿರುಗಿಸಿ ಬಿಚ್ಚಬಹುದು. ಬಾಗಿಲ ಕಟ್ಟೆಯಲ್ಲಿ ಒಂದು ಬೆರಳಿನಷ್ಟು ಜಾಗ ಉಳಿಯುತ್ತದೆ. ಸುಮಾರು ಭಾರ ಇದೆ, ಅದೊಂದು ದೂರು. ಮಕ್ಕಳಿರುವ ಮನೆಯವರು ಒಡೆಯದ ಪ್ಲಾಸ್ಟಿಕ್‌ನದ್ದೇ ತಗೊಳ್ಳಿ, ವಾಸನೆ ಹಿಡಿಯದಂತೆ ಆಗಾಗ ಬಿಸಿಲಿಗೆ ಇಡಿ.

ಈಗ ಪುಡಿ. ಜಾರಿಗಿಂತ ಜಾಸ್ತಿ ಕೆಲಸ ಪುಡಿಯದ್ದು. ಪೇಟೆಯಲ್ಲಿ ಬೀಜ ಬೀಸಿ ಕೊಡುವ ಅಂಗಡಿಗೆ ಹೋದೆ.

"ಚಿಕೋರಿ ಎಷ್ಟು ಹಾಕಲಿ?"

"ಚಿಕೋರಿ ಬೇಡ. ತರಿ ತರಿಯಾಗಿ ಬೀಸಿ."

"ತರಿ ಅಂದ್ರೆ?"

"ಉಪ್ಪಿಟ್ಟು ರವೆ."

ಒಂದು ಕ್ಷಣ ನನ್ನ ಮುಖ ನೋಡಿ, ಮಿಷನ್ನಿನ ತಿರುಪು ಸಡಿಲ ಮಾಡಿದರು. ಕೈಯಲ್ಲಿ ಉಜ್ಜಿ ತೋರಿಸುತ್ತೇನೆ, ನೋಡಿ. ಕಾಳು ಕಾಳಾಗಿ ಬೆರಳಿಗೆ ಸಿಗುತ್ತದೆ. ಫಿಲ್ಟರ್ ಕಾಫಿ ಪುಡಿ ಇದಕ್ಕಿಂತ ತುಂಬಾ ನುಣ್ಣಗೆ, ಚಿರೋಟಿ ರವೆಯ ಕಡೆಯದ್ದು. ಅದನ್ನು ಹಾಕಿದರೆ ಜಾಲರಿ ಕಟ್ಟಿಕೊಳ್ಳುತ್ತದೆ. ಚಿಕೋರಿ ಸೇರಿದರೆ ಕೇಳುವುದೇ ಬೇಡ, ಅಂಟು ಪಾಕ. ಬೀಜ ಕೇಳುವಾಗ ಪ್ಲಾಂಟೇಶನ್ ಅಂತ ಕೇಳಿ. ವ್ಯಾಪಾರದ ಭಾಷೆಯಲ್ಲಿ ಅದು ತೊಳೆದು ಒಣಗಿಸಿದ ಅರೇಬಿಕಾ. ಇನ್ನೊಂದು ಜಾತಿ ರೊಬಸ್ಟಾದಲ್ಲಿ ಕೆಫೀನ್ ಅದರ ಹೆಚ್ಚುಕಡಿಮೆ ಎರಡರಷ್ಟು ಇರುತ್ತದೆ, ರಾತ್ರಿ ನಿದ್ದೆ ಬೇಕಿದ್ದವರು ನೋಡಿಕೊಳ್ಳಿ.

ನೀರಿನ ಬಗ್ಗೆ ಒಂದು ಮಾತು. ಕಾಳಿ ಸಮುದ್ರ ಸೇರುವ ಜಾಗಕ್ಕೆ ನಮ್ಮ ಮನೆ ಹತ್ತಿರ. ಏಪ್ರಿಲ್ ಬಂತೆಂದರೆ ಬಾವಿ ನೀರು ಸವುಳು. ಬಿಸಿ ಕಾಫಿಯಲ್ಲಿ ಹಾಲು ಸಕ್ಕರೆ ಸೇರಿ ಅದು ಮುಚ್ಚಿಹೋಗುತ್ತದೆ. ಇದರಲ್ಲಿ ಮುಚ್ಚುವುದಿಲ್ಲ. ಮೊದಲ ಗುಟುಕಿಗೇ ಗೊತ್ತಾಗುತ್ತದೆ. ಕುಡಿಯುವ ಕ್ಯಾನ್ ನೀರೇ ಹಾಕಿ.

ನಿನ್ನೆ ರಾತ್ರಿ ಒಂಬತ್ತಕ್ಕೆ ತೆಗೆದ ದೃಶ್ಯ ಇದು. 100 ಗ್ರಾಂ ಪುಡಿ, 800 ಮಿಲಿ ನೀರು. ಒಮ್ಮೆಲೇ ಸುರಿದರೆ ನಡುವಿನ ಪುಡಿ ಒಣಗಿಯೇ ಉಳಿಯುತ್ತದೆ. ಸುತ್ತ ಸುತ್ತ ನಿಧಾನಕ್ಕೆ ಹಾಕಿ, ಸೌಟಿನ ಹಿಡಿಯಿಂದ ಒಂದೆರಡು ಸಲ ಕಲಕಿ. ಸೋಸಿದ ಮೇಲೆ ಸಿಗುವುದು 600 ಮಿಲಿ ಅಷ್ಟೇ, ಉಳಿದದ್ದು ಪುಡಿಯೇ ಕುಡಿದಿರುತ್ತದೆ. ಫ್ರಿಜ್‌ನಲ್ಲಿ ತಣ್ಣಗಿರುವುದರಿಂದ ನೆನೆಯಲು ಹೊತ್ತು ಬೇಕು. ನಾನು 14 ಗಂಟೆ ಬಿಡುತ್ತೇನೆ. ಅಂದರೆ ಇವತ್ತು ಹನ್ನೊಂದಕ್ಕೆ ಸಿಗುತ್ತದೆ. ಅಲ್ಲಿವರೆಗೆ ಬೆವರು ಒರೆಸಿಕೊಳ್ಳುತ್ತ ಕೂರುವುದು.

ಹನ್ನೊಂದು ಆಯಿತು. ಜಾಲರಿ ಎತ್ತಿ, ಐದು ನಿಮಿಷ ಹನಿ ಇಳಿಯಲು ಬಿಟ್ಟಿದ್ದೇನೆ. ಬಣ್ಣ ನೋಡಿ, ಬೆಳಕಿಗೆ ಹಿಡಿದರೆ ಕೆಂಪು. ಅರ್ಧ ಲೋಟ ಐಸ್, ಮೇಲೆ ಕಾಫಿ. ಸಿಹಿಗೆ ಸಕ್ಕರೆ ಹಾಕಿದರೆ ತಳದಲ್ಲೇ ಮರಳಿನಂತೆ ಕೂರುತ್ತದೆ. ನಮ್ಮಲ್ಲಿ ಅದಕ್ಕೆ ಮದ್ದು ಇದೆ: ಶಿರಸಿಯ ಜೋನಿ ಬೆಲ್ಲ. ಮೊದಲೇ ನೀರಾಗಿರುವ ಬೆಲ್ಲ, ಒಂದು ಚಮಚ ಹಾಕಿ ಕಲಕಿದರೆ ಸಾಕು. ಕಬ್ಬಿನ ಹೊಗೆಯ ಪರಿಮಳ ಕಾಫಿಗೆ ಎಷ್ಟು ಚೆನ್ನಾಗಿ ಸೇರುತ್ತದೆ ಅಂದರೆ, ಇದನ್ನು ಯಾವ ಕೆಫೆಯೂ ಯಾಕೆ ಮಾಡುತ್ತಿಲ್ಲ ಅನ್ನಿಸುತ್ತದೆ.

ಅಮ್ಮನಿಗೂ ಸಣ್ಣ ಲೋಟ ಕೊಟ್ಟೆ. ಎರಡು ಗುಟುಕು ಕುಡಿದರು. ಕಾಫಿ ಬಗ್ಗೆ ಏನೂ ಹೇಳಲಿಲ್ಲ. ಜಾರನ್ನು ಕೈಗೆ ತಗೊಂಡು, ಬಾಯಿಯ ಅಗಲ ನೋಡಿ, ಮುಚ್ಚಳದ ರಬ್ಬರ್ ಒತ್ತಿ ನೋಡಿ, "ಮಿಡಿ ಹಾಕಲೆ ಚೊಲೋ ಇದ್ದು" ಅಂದರು.

ಮುಂದಿನ ವಾರ ಶಿರಸಿಯಿಂದ ಉಪ್ಪಿನಕಾಯಿಗೆ ಅಪ್ಪೆಮಿಡಿ ಬರುವುದಿದೆ. ಜಾರನ್ನು ನನ್ನ ರೂಮಿಗೆ ತಂದಿಟ್ಟುಕೊಂಡಿದ್ದೇನೆ.